ಹೋಟೆಲ್ ಆ್ಯಪ್‌ಗಳ ‘ಉಚಿತ ರದ್ದತಿ’: ವರ್ಷಗಟ್ಟಲೆ ಬಳಸಿದ ಮೇಲೆ

ಐದಕ್ಕೆ ಮೂರು ನಕ್ಷತ್ರ. ಸೌಲಭ್ಯ ಹೇಳಿದಂತೆಯೇ ನಡೆಯುತ್ತದೆ: ಗಡುವಿನೊಳಗೆ ರದ್ದು ಮಾಡಿದ ಕೊಠಡಿಗೆ ಇದುವರೆಗೆ ಒಂದು ರೂಪಾಯಿಯೂ ಕಡಿತವಾಗಿಲ್ಲ. ಎರಡು ನಕ್ಷತ್ರ ಹೋಗಿರುವುದು ಅದು ನಮಗೆಲ್ಲ ಹಚ್ಚಿದ ಚಾಳಿಗೆ.

ದಸರಾ ರಜೆ ಹತ್ತಿರವಾದರೆ ಸಾಕು, ನಮ್ಮ ಬಳಗದವರು ಮಡಿಕೇರಿಯಲ್ಲೊಂದು, ಚಿಕ್ಕಮಗಳೂರಿನಲ್ಲೊಂದು, ಯಾವುದಕ್ಕೂ ಇರಲಿ ಎಂದು ಗೋಕರ್ಣದಲ್ಲೊಂದು ಕೊಠಡಿ ಕಾದಿರಿಸುತ್ತಾರೆ. ಎಲ್ಲವೂ ಒಂದೇ ರಾತ್ರಿಗೆ! ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ವಿದ್ಯೆಯೇ ಇದು. ಇಲ್ಲಿ ಒಬ್ಬನೇ ಮೂರು ಬಸ್ಸಿಗೆ ಎಸೆಯುತ್ತಾನೆ. ಅದೇ ವಾರ ನಿಜವಾಗಿ ಹೊರಟವರಿಗೆ ‘ಕೊಠಡಿ ಖಾಲಿಯಿಲ್ಲ’ ಎಂಬ ಉತ್ತರ. ಗಡುವು ಮುಗಿಯುವ ಹಿಂದಿನ ಸಂಜೆ ಹುಡುಕಿದರೆ ಅವೇ ಕೊಠಡಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ.

ದೊಡ್ಡ ಹೋಟೆಲುಗಳಿಗೆ ಉಪಾಯವಿದೆ: ರದ್ದಾಗುವುದನ್ನು ಲೆಕ್ಕ ಹಾಕಿ, ಇರುವ ಕೊಠಡಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳುತ್ತವೆ. ಲೆಕ್ಕ ತಪ್ಪಿದ ರಾತ್ರಿ ತಡವಾಗಿ ಬಂದವರು ಬೇರೆ ಹೋಟೆಲಿಗೆ ಹೋಗಬೇಕು. ನಮಗೂ ಆ ಭಾಗ್ಯ ಒದಗಿದೆ. ಮೂರು ಕೋಣೆಯ ಹೋಂಸ್ಟೇ ನಡೆಸುವವರಿಗೆ ಆ ದಾರಿಯಿಲ್ಲ. ಅಡುಗೆಯವರಿಗೆ ಹೇಳಿ, ಸಾಮಾನು ತಂದಿಟ್ಟ ಮೇಲೆ ಎರಡು ದಿನ ಮುಂಚೆ ‘ಬರುತ್ತಿಲ್ಲ’ ಎಂದರೆ ನಷ್ಟ ಅವರದೇ. ಫೋನಿನಲ್ಲಿ ಅರ್ಧ ಹಣ ಮುಂಗಡ ಕೇಳುವ ಮಾಲೀಕರ ಬಗ್ಗೆ ಗೊಣಗುವವರು ಇದನ್ನು ಯೋಚಿಸಬೇಕು.

ಶುಲ್ಕ ಹಾಕಿದರೆ ಸರಿಹೋಗುತ್ತದೆಯೇ? ರೈಲ್ವೆ ಹಾಕಿ ನೋಡಿದೆ. 2015ರ ನವೆಂಬರ್‌ನಲ್ಲಿ ಸ್ಲೀಪರ್ ಟಿಕೆಟ್ಟಿನ ಕನಿಷ್ಠ ರದ್ದತಿ ಶುಲ್ಕ 60ರಿಂದ 120 ರೂಪಾಯಿಗೆ ಏರಿತು. ಆದರೂ 61ರಿಂದ 120 ದಿನ ಮುಂಚಿತವಾಗಿ ಮಾಡಿದ ಕಾಯ್ದಿರಿಸುವಿಕೆಯಲ್ಲಿ ಶೇ 21ರಷ್ಟು ರದ್ದಾಗುತ್ತಿತ್ತು, ಶೇ 5ರಷ್ಟು ಜನ ರದ್ದೂ ಮಾಡದೆ, ಪ್ರಯಾಣವನ್ನೂ ಮಾಡದೆ ಇರುತ್ತಿದ್ದರು ಎಂದು ಇಲಾಖೆಯೇ ಹೇಳಿತು. ಕೊನೆಗೆ 2024ರ ನವೆಂಬರ್ 1ರಿಂದ ಮುಂಗಡ ಅವಧಿಯನ್ನೇ 60 ದಿನಕ್ಕೆ ಇಳಿಸಿತು. ಹೋಟೆಲುಗಳು ಅವಧಿ ಕಡಿಮೆ ಮಾಡುವುದು ಕಷ್ಟ. ದಿನ ಹತ್ತಿರವಾದಂತೆ ಏರುವ ಶುಲ್ಕ ಇಟ್ಟರೆ, ಬೇಡವಾದ ಕೊಠಡಿಯನ್ನು ಜನ ತಿಂಗಳ ಮೊದಲೇ ಬಿಟ್ಟುಕೊಡುತ್ತಾರೆ ಎಂಬುದು ನನ್ನ ಎಣಿಕೆ.

ಈ ಸೌಲಭ್ಯ ನಿಜಕ್ಕೂ ಬೇಕಾಗುವುದು ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾಕ್ಕೆ. ಅರ್ಜಿಯ ಜೊತೆಗೆ ವಾಸ್ತವ್ಯದ ದಾಖಲೆ ಕೊಡಬೇಕು, ವೀಸಾ ಸಿಗುವ ಖಾತರಿಯಂತೂ ಇಲ್ಲ. ಅಂಥವರು ಧೈರ್ಯವಾಗಿ ಬಳಸಬಹುದು. ಗಡುವನ್ನು ಮಾತ್ರ ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಗಡಿಯಾರದಂತೆ ಎಣಿಸುತ್ತಾರೆ, ಬೆಂಗಳೂರಿನ ಸಮಯದಂತೆ ಅಲ್ಲ.