ಪುಣೆಯ ಫ್ಲೈಟ್ ಇನ್‌ಸ್ಟ್ರಕ್ಟರ್ ಕ್ಲಾಸ್: ಶನಿವಾರ ಆಕಳಿಕೆ, ಭಾನುವಾರ ಪಾಠ

ಕ್ಲಾಸಿನ ಹೆಸರು ಬರೆಯುವುದಿಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ, ಹೆಸರು ಹಾಕಿದರೆ ಎರಡನ್ನೂ ಮೆತ್ತಗೆ ಮಾಡಿ ಬರೆಯಬೇಕಾಗುತ್ತದೆ. ಕರ್ವೆ ರಸ್ತೆಯ ಕಡೆ ಒಂದು ಹಳೇ ಕಟ್ಟಡ, ಅದರ ಮೇಲಿನ ಮಹಡಿಯಲ್ಲಿ ಶನಿವಾರ ಭಾನುವಾರ ನಡೆಯುತ್ತದೆ. ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ಕೈಗೆ ಬಂದಿದೆ, ಏರ್‌ಲೈನ್ ಕೆಲಸ ಇನ್ನೂ ಬಂದಿಲ್ಲ, ಅಷ್ಟರೊಳಗೆ ಇನ್‌ಸ್ಟ್ರಕ್ಟರ್ ಆಗೋಣ ಅಂದುಕೊಂಡವರಿಗೆ ಇಲ್ಲಿ ಕಲಿಸೋದು ಹೇಗೆ ಅಂತ ಕಲಿಸುತ್ತಾರೆ. ನಾನು ಧಾರವಾಡದವನು, ಪುಣೆಗೆ ಬಂದು ತುಂಬಾ ವರ್ಷ ಆಯಿತು. ಈ ಲೈನಿನಲ್ಲಿರುವ ನಮ್ಮ ಕಡೆಯ ಹುಡುಗರು, ಹುಡುಗಿಯರು 'ಹೇಗಿದೆ, ಸೇರಬಹುದಾ' ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳೋ ಬದಲು ಒಮ್ಮೆ ಬರೆದು ಹಾಕುತ್ತಿದ್ದೇನೆ.

ಈ ಕ್ಲಾಸಿನ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಯಾರೂ ರೇಟಿಂಗ್, ಅಂದರೆ ಹಾರಾಟ ಕಲಿಸಲು ಬೇಕಾದ ಅನುಮತಿ, ಕೊಡುವುದಿಲ್ಲ, ಇದು ಮೊದಲು ಗೊತ್ತಿರಲಿ. ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಆಗಲಿ, ಪೂರ್ತಿ ಇನ್‌ಸ್ಟ್ರಕ್ಟರ್ ರೇಟಿಂಗ್ ಆಗಲಿ, ಕೊಡುವುದು ಡಿಜಿಸಿಎ, ಅಂದರೆ ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಅದಕ್ಕೆ ಬೇಕಾದ ಹಾರಾಟ ಒಪ್ಪಿಗೆ ಪಡೆದ ಫ್ಲೈಯಿಂಗ್ ಸ್ಕೂಲಿನಲ್ಲೇ ಆಗಬೇಕು. ಪುಣೆಯವರಿಗೆ ಹತ್ತಿರ ಅಂದರೆ ಬಾರಾಮತಿ. ಇಲ್ಲಿ ಸಿಗುವುದು ಅದರ ತಯಾರಿ ಮಾತ್ರ. ಫೋನ್ ಮಾಡಿ ಕೇಳಿದರೆ ಇದನ್ನು ಬಿಡಿಸಿ ಹೇಳುವುದಿಲ್ಲ, ಸುಮ್ನೆ 'ಎಲ್ಲಾ ಆಗುತ್ತೆ ಸರ್' ಅಂತಾರೆ. ಕೆದಕಿ ಕೇಳಿ.

ಶನಿವಾರ ಥಿಯರಿ. ಪರದೆ ಮೇಲೆ ಸ್ಲೈಡ್, ಮೇಡಂ ಒಬ್ಬರು ಓದುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಮನಃಶಾಸ್ತ್ರಜ್ಞ ಥಾರ್ನ್‌ಡೈಕ್ ಹೇಳಿದ ಕಲಿಕೆಯ ನಿಯಮಗಳಾದ ರೆಡಿನೆಸ್ (ಮನಸ್ಸಿನ ತಯಾರಿ), ಎಕ್ಸರ್‌ಸೈಜ್ (ಅಭ್ಯಾಸ), ಎಫೆಕ್ಟ್ (ಫಲ), ಆಮೇಲೆ ಆ ಪಟ್ಟಿಗೆ ಸೇರಿದ ಪ್ರೈಮಸಿ (ಮೊದಲು ಕಲಿತದ್ದು), ಇಂಟೆನ್ಸಿಟಿ (ತೀವ್ರತೆ), ರೀಸೆನ್ಸಿ (ಇತ್ತೀಚೆಗೆ ಮಾಡಿದ್ದು), ಆರೂ ಒಂದೇ ಉಸಿರಿನಲ್ಲಿ. ಅದರ ಬೆನ್ನಿಗೇ ಮನುಷ್ಯನ ಅಗತ್ಯಗಳ ಬಗ್ಗೆ 1943ರ ಮಾಸ್ಲೋ, ಕಲಿಕೆಯ ಮಟ್ಟಗಳ ಬಗ್ಗೆ 1956ರ ಬ್ಲೂಮ್. ಕಲಿಯುವವನ ಮನಸ್ಸು ತಯಾರಿಲ್ಲದಿದ್ದರೆ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ ಅನ್ನುವ ರೆಡಿನೆಸ್ ಸ್ಲೈಡನ್ನು, ಊಟ ಆದ ಮೇಲೆ, ಫ್ಯಾನಿನ ಕೆಳಗೆ ಅರ್ಧ ಕ್ಲಾಸು ತೂಕಡಿಸುತ್ತಿರುವಾಗ ಓದಿದರು. ಯಾರೂ ನಗಲಿಲ್ಲ. ಎಚ್ಚರ ಇದ್ದವರೇ ಕಡಿಮೆ.

ವಿಷಯವೇ ಒಣಗಿದ್ದು ಅಂತಾದರೆ ಸಿಟ್ಟು ಬರುತ್ತಿರಲಿಲ್ಲ. ಪ್ರೈಮಸಿಯನ್ನೇ ತೆಗೆದುಕೊಳ್ಳಿ. ಮೊದಲು ಕಲಿತದ್ದು ಗಟ್ಟಿಯಾಗಿ ಕೂರುತ್ತದೆ, ತಪ್ಪಾಗಿ ಕಲಿತದ್ದೂ ಅಷ್ಟೇ ಗಟ್ಟಿ. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಿಮ್ಯುಲೇಟರ್ ಆಡಿ ಬಂದ ಹುಡುಗ ವಿಮಾನದಲ್ಲೂ ಹೊರಗೆ ನೋಡುವುದಿಲ್ಲ, ಕಣ್ಣೆಲ್ಲ ಮೀಟರುಗಳ ಮೇಲೆ. ಅವನಿಗೆ ದಿಗಂತ ನೋಡಿ ಹಾರಿಸೋದು ಕಲಿಸಬೇಕಾದರೆ ಏನೂ ಗೊತ್ತಿಲ್ಲದೆ ಬಂದವನಿಗಿಂತ ಜಾಸ್ತಿ ಹೊತ್ತು ಬೇಕು. ಎಕ್ಸರ್‌ಸೈಜ್ ಮತ್ತು ರೀಸೆನ್ಸಿ ಅಂದರೆ ಏನು ಅಂತ ನಮ್ಮ ಮಳೆಗಾಲವೇ ಹೇಳಿಕೊಡುತ್ತದೆ. ಮೋಡ ಕೆಳಗಿಳಿದು ವಾರಗಟ್ಟಲೆ ಹಾರಾಟ ನಿಂತರೆ, ಸೋಲೋ (ಒಬ್ಬನೇ ಹಾರಿಸೋದು) ಹತ್ತಿರ ಬಂದಿದ್ದ ಹುಡುಗ ಮತ್ತೆ ಬಂದಾಗ ಲ್ಯಾಂಡಿಂಗ್‌ನಲ್ಲಿ ತಡವರಿಸುತ್ತಾನೆ. ಚೆಕ್‌ಲಿಸ್ಟ್ ಬಾಯಿಗೆ ಬರುತ್ತದೆ, ಕೈ ಮರೆತಿರುತ್ತದೆ. ಅವನ ಜೊತೆ ಮೊದಲ ದಿನ ಹೊಸ ಪಾಠ ತೆಗೆಯಬಾರದು. ಇಷ್ಟು ಹೇಳಿದ್ದರೆ ಯಾರೂ ಮಲಗುತ್ತಿರಲಿಲ್ಲ ಅಲ್ವಾ?

ಕಲಿಕೆಯ ನಾಲ್ಕು ಮೆಟ್ಟಿಲು ಅಂತ ಇನ್ನೊಂದು ಸ್ಲೈಡ್: ಬಾಯಿಪಾಠ, ಅರ್ಥ ಆಗೋದು, ಬಳಸೋದು, ಒಂದಕ್ಕೊಂದು ಜೋಡಿಸೋದು. ಇದೂ ಓದಿ ಮುಗಿಸಿದರು. ಸ್ಟಾಲ್ (ವಿಮಾನವನ್ನು ಎತ್ತಿ ಹಿಡಿಯುವ ಬಲವನ್ನು ರೆಕ್ಕೆ ಕಳೆದುಕೊಳ್ಳೋದು) ಪಾಠವನ್ನು ಇದರ ಮೇಲೆ ಇಟ್ಟು ನೋಡಿ. ಸ್ಟಾಲ್ ಸ್ಪೀಡ್ ಎಷ್ಟು ಅಂದರೆ ಹುಡುಗ ತಟ್ಟನೆ ಒಂದು ಸಂಖ್ಯೆ ಹೇಳುತ್ತಾನೆ, ಅದು ಬಾಯಿಪಾಠ. ಗಾಳಿ ರೆಕ್ಕೆಗೆ ಬಡಿಯುವ ಕೋನ ಒಂದು ಮಿತಿ ದಾಟಿದರೆ ಸ್ಟಾಲ್ ಆಗುತ್ತದೆ, ಸ್ಪೀಡ್ ಎಷ್ಟೇ ಇರಲಿ, ಮೂಗು ಯಾವ ಕಡೆಯೇ ಇರಲಿ ಅಂದರೆ ಅರ್ಥ ಆಗಿದೆ. ಮೂಗು ಇಳಿಸಿ ಪವರ್ ಕೊಟ್ಟು ಹೊರಗೆ ಬಂದರೆ ಬಳಸಲು ಬಂತು. ರನ್‌ವೇಗೆ ತಿರುಗುವಾಗ ಲೈನ್ ದಾಟಿ ಹೋದ ಗಾಬರಿಯಲ್ಲಿ ಬ್ಯಾಂಕ್ (ರೆಕ್ಕೆ ವಾಲಿಸೋದು) ಜಾಸ್ತಿ ಮಾಡಿ ಸ್ಟಿಕ್ ಎಳೆಯಲು ಹೊರಟ ಕೈ ತಾನೇ ನಿಂತು, ಗೋ ಅರೌಂಡ್ (ಇಳಿಯೋದು ಬಿಟ್ಟು ಮತ್ತೆ ಮೇಲೇರೋದು) ಮಾಡಿದರೆ, ಅವನು ನಾಲ್ಕನೇ ಮೆಟ್ಟಿಲಿನಲ್ಲಿದ್ದಾನೆ. 60 ಡಿಗ್ರಿ ಬ್ಯಾಂಕಿನಲ್ಲಿ ಎತ್ತರ ಬಿಡದೆ ತಿರುಗಿದರೆ ರೆಕ್ಕೆ ಹೊರುವ ಭಾರ ಎರಡು ಪಟ್ಟು, ಸ್ಟಾಲ್ ಸ್ಪೀಡ್ ಸುಮಾರು ಶೇ. 41 ಜಾಸ್ತಿ. ಪರೀಕ್ಷೆಯಲ್ಲಿ ಇದಕ್ಕೆ ಸರಿ ಉತ್ತರ ಬರೆದವರೆಲ್ಲ ಗಾಳಿಯಲ್ಲಿ ಇದನ್ನು ನೆನಪು ಮಾಡಿಕೊಳ್ಳುತ್ತಾರೆ ಅಂತೇನಿಲ್ಲ. ಇನ್‌ಸ್ಟ್ರಕ್ಟರ್ ಬೇಕಾಗಿರುವುದೇ ಈ ಎರಡರ ನಡುವಿನ ಕೆಲಸಕ್ಕೆ.

ಇನ್ನು ಭಾನುವಾರ. ಏರ್‌ಫೋರ್ಸ್‌ನಿಂದ ನಿವೃತ್ತರಾದ ಮರಾಠಿ ಸರ್ ಒಬ್ಬರು ಬರುತ್ತಾರೆ. ಸ್ಲೈಡ್ ಇಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ ಪಕ್ಕಪಕ್ಕ, ಸ್ಟಿಕ್ ಬದಲು ಕೈಯಲ್ಲಿ ಒಂದು ಸ್ಕೇಲು. ಎಡಗಡೆ ಕೂತವರು ಶಿಷ್ಯ, ಬಲಗಡೆ ಕೂತವರು ಗುರು. ಗುರು ಪ್ಯಾಟರ್ ಹೇಳಬೇಕು, ಅಂದರೆ ಹಾರಿಸುತ್ತಲೇ ಏನು ಮಾಡುತ್ತಿದ್ದೇನೆ, ಎಲ್ಲಿ ನೋಡುತ್ತಿದ್ದೇನೆ ಅಂತ ಬಾಯಲ್ಲಿ ಹೇಳುತ್ತಾ ಹೋಗಬೇಕು, ಮಾತು ಕೈಗಿಂತ ಮುಂದೆಯೂ ಓಡಬಾರದು, ಹಿಂದೆಯೂ ಬೀಳಬಾರದು. 200 ಗಂಟೆ ಹಾರಿಸಿ ಲೈಸೆನ್ಸ್ ತೆಗೆದುಕೊಂಡವರಿಗೂ ಸೀದಾ ಒಂದು ತಿರುವು ಮಾತಿನಲ್ಲಿ ಹೇಳಿ ಅಂದರೆ ಬೆವರು ಬರುತ್ತದೆ.

ಸರ್ ಒಂದು ಒಳ್ಳೇ ಕೆಲಸ ಮಾಡುತ್ತಾರೆ. ಮೊದಲ ಸಲ ಮನೆ ಮಾತಿನಲ್ಲಿ ಹೇಳಿಸುತ್ತಾರೆ, ಆಮೇಲೆ ಇಂಗ್ಲಿಷ್. ನನ್ನ ಬ್ಯಾಚಿನಲ್ಲಿ ಬೆಳಗಾವಿಯ ಹುಡುಗಿಯೊಬ್ಬಳಿದ್ದಳು, ನನ್ನ ಪಾಳಿ ಬಂದಾಗ ಅವಳನ್ನೇ ಶಿಷ್ಯೆ ಮಾಡಿ ಕೂರಿಸಿದರು, ಏನೂ ಗೊತ್ತಿಲ್ಲದವಳ ಹಾಗೆ ಕೇಳಬೇಕು ಅಂತ ಅವಳಿಗೆ ಮೊದಲೇ ಹೇಳಿದ್ದರು.

'ಬಾಲ್ ನಡುವೆ ಇರಲಿ, ಎಡಕ್ಕೆ ಹೋದರೆ ಎಡ ರಡ್ಡರ್ ಒತ್ತು' ಅಂದೆ.

'ಅಣ್ಣಾ, ಯಾವ ಬಾಲ್ ರೀ? ನನಗೇನೂ ಕಾಣವಲ್ದು. ಮತ್ತ ಒತ್ತೂದು ಎಷ್ಟ?'

ಕ್ಲಾಸೆಲ್ಲ ನಕ್ಕಿತು, ಭಾಷೆ ಬರದವರೂ ಸೇರಿ. ಆದರೆ ಮೊದಲ ದಿನ ಕಾಕ್‌ಪಿಟ್‌ಗೆ ಬಂದವರ ಪ್ರಶ್ನೆ ಇದೇ. ಬಾಲ್ ಅಂದರೆ ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಅಂತ ತೋರಿಸುವ ಮೀಟರಿನ ಗುಂಡು, ರಡ್ಡರ್ ಅಂದರೆ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕಾಲಿನ ಪೆಡಲ್. ಬಾಲ್ ಎಲ್ಲಿದೆ ಅಂತ ನೆಲದ ಮೇಲೆ, ಬ್ರೀಫಿಂಗ್‌ನಲ್ಲೇ ತೋರಿಸಿರಬೇಕು, ಯಾಕೆಂದರೆ ಇಂಜಿನ್ ಸದ್ದು, ಸೆಕೆ, ರೇಡಿಯೋ ಎಲ್ಲ ಇರುವ ಕಾಕ್‌ಪಿಟ್‌ನಷ್ಟು ಕೆಟ್ಟ ಪಾಠಶಾಲೆ ಇನ್ನೊಂದಿಲ್ಲ.

ಕಲಿಸುವ ಕ್ರಮ ನಾಲ್ಕು ಹಂತದ್ದು. ಗುರು ಹೇಳುತ್ತಾ ಮಾಡೋದು, ಶಿಷ್ಯ ಹೇಳುತ್ತಾ ಹೋದ ಹಾಗೆ ಗುರು ಮಾಡೋದು, ಶಿಷ್ಯನೇ ಹೇಳುತ್ತಾ ಮಾಡೋದು, ಕೊನೆಗೆ ಶಿಷ್ಯ ಮಾಡೋದು ಗುರು ನೋಡೋದು. ಹೆಚ್ಚಿನವರು ಎರಡನೆಯದನ್ನು ಹಾರಿಸಿಬಿಡುತ್ತಾರೆ. ಸರ್ ಅದನ್ನು ಬಿಡಲು ಕೊಡುವುದೇ ಇಲ್ಲ. ಶಿಷ್ಯ ಹೇಳುವಾಗಲೇ ಅವನಿಗೆ ಏನು ಅರ್ಥವಾಗಿದೆ, ಏನು ಉಲ್ಟಾ ಹೊಡೆದಿದೆ ಅಂತ ಗೊತ್ತಾಗೋದು, ಆಗ ಕಂಟ್ರೋಲ್ ನಿಮ್ಮ ಕೈಯಲ್ಲೇ ಇರುತ್ತದೆ, ಏನೂ ಅಪಾಯ ಇಲ್ಲ.

ಕಂಟ್ರೋಲ್ ಮಾತು ಬಂತಲ್ಲ. 'ಯು ಹ್ಯಾವ್ ಕಂಟ್ರೋಲ್' ಅಂದರೆ 'ಐ ಹ್ಯಾವ್ ಕಂಟ್ರೋಲ್' ಅಂತ ಉತ್ತರ ಬರಲೇಬೇಕು. ಬರದಿದ್ದರೆ ಸರ್ ಪ್ಲಾಸ್ಟಿಕ್ ಕುರ್ಚಿಯ ಹಾರಾಟವನ್ನೂ ಅಲ್ಲೇ ನಿಲ್ಲಿಸುತ್ತಾರೆ. ಅವನು ಹಿಡಿದಿದ್ದಾನೆ ಅಂತ ಇವನು, ಇವನು ಹಿಡಿದಿದ್ದಾನೆ ಅಂತ ಅವನು, ಕೊನೆಗೆ ಯಾರೂ ಹಾರಿಸದ ವಿಮಾನ. ಯಾವ ಎತ್ತರದಲ್ಲಿ ನಾನು ಕೈ ಹಾಕುತ್ತೇನೆ ಅಂತಲೂ ನೆಲದ ಮೇಲೇ ತೀರ್ಮಾನ ಮಾಡಿಕೊಂಡು ಹತ್ತಬೇಕಂತೆ. ಬೇಗ ಕೈ ಹಾಕಿದರೆ ಹುಡುಗ ತನ್ನ ತಪ್ಪನ್ನು ತಾನೇ ಸರಿ ಮಾಡೋದು ಕಲಿಯುವುದಿಲ್ಲ.

ಭಯದ ಬಗ್ಗೆ ಹೇಳಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಹೆದರಿದ ಶಿಷ್ಯ ಹೆದರಿದೆ ಅಂತ ಹೇಳುವುದಿಲ್ಲ. ವಿನಾಕಾರಣ ನಗುತ್ತಾನೆ, ಹಾಡು ಗುನುಗುತ್ತಾನೆ, ಇಲ್ಲವೇ ಎಲ್ಲದಕ್ಕೂ ಅತಿ ವಿನಯದಿಂದ 'ಎಸ್ ಸರ್' ಅನ್ನುತ್ತಾನೆ. ಒಂದರ ಹಿಂದೆ ಒಂದು ಸೀಟಿರುವ ಗ್ಲೈಡರಿನಲ್ಲಿ (ಇಂಜಿನ್ ಇಲ್ಲದ ವಿಮಾನ) ಹಿಂದೆ ಕೂತ ಗುರುವಿಗೆ ಶಿಷ್ಯನ ಮುಖವೂ ಕಾಣುವುದಿಲ್ಲ, ಕುತ್ತಿಗೆ, ಹೆಗಲು ನೋಡಿಯೇ ತಿಳಿದುಕೊಳ್ಳಬೇಕು. ಹಡಪಸರದಲ್ಲಿ ಡಿಜಿಸಿಎಯದೇ ಗ್ಲೈಡಿಂಗ್ ಸೆಂಟರ್ ಇದೆ, ಪುಣೆಯಲ್ಲಿದ್ದೂ ಅತ್ತ ತಲೆ ಹಾಕದ ಪೈಲಟುಗಳು ಬೇಕಾದಷ್ಟು. ಸರ್ ಎಲ್ಲರಿಗೂ ಒಮ್ಮೆ ಹೋಗಿ ಬನ್ನಿ ಅಂತಾರೆ.

ಡಿಬ್ರೀಫಿಂಗ್‌ನಲ್ಲಿ 'ಚೆನ್ನಾಗಿತ್ತು' ಅನ್ನೋ ಹಾಗಿಲ್ಲ. ಏನು ಚೆನ್ನಾಗಿತ್ತು ಹೇಳಿ ಅಂತಾರೆ. ಮೊದಲು ಶಿಷ್ಯನೇ ತನ್ನ ಹಾರಾಟದ ಬಗ್ಗೆ ಹೇಳಬೇಕು, ಆಮೇಲೆ ಗುರು. ಸುಮಾರು ಜನಕ್ಕೆ ಇದು ಕಷ್ಟ ಆಯಿತು, ಅವರ ಇನ್‌ಸ್ಟ್ರಕ್ಟರುಗಳು ಅವರಿಗೆ ಬೈದೇ ಕಲಿಸಿದ್ದರು.

ಕೊರತೆಗಳೂ ಇವೆ. ಬ್ಯಾಚಿನಲ್ಲಿ ಜನ ಜಾಸ್ತಿ, ಭಾನುವಾರ ನಿಮ್ಮ ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನ. ಬಲಗಡೆ ಸೀಟಿನಿಂದ ನೋಡಿದರೆ ಮೂಗು ಮತ್ತು ದಿಗಂತ ಬೇರೆ ಥರ ಕಾಣುತ್ತವೆ, ಎಡಕ್ಕೆ ತಿರುಗಿದಾಗ ಒಂದು, ಬಲಕ್ಕೆ ತಿರುಗಿದಾಗ ಇನ್ನೊಂದು. ಕುರ್ಚಿಯಲ್ಲಿ ಅದನ್ನು ಕಲಿಸಲು ಆಗುವುದಿಲ್ಲ, ಒಂದು ಸಾದಾ ಸಿಮ್ಯುಲೇಟರ್ ಆದರೂ ಇಡಬಹುದಿತ್ತು. ದಿನಾ ಸುಧಾರಿಸುತ್ತಿದ್ದ ಶಿಷ್ಯ ಒಂದು ಹಂತದಲ್ಲಿ ನಿಂತೇಬಿಟ್ಟರೆ ಏನು ಮಾಡಬೇಕು ಅನ್ನುವುದಕ್ಕೆ ಸಿಕ್ಕಿದ್ದು ಟೀ ಹೊತ್ತಿನಲ್ಲಿ ಸರ್ ಹೇಳಿದ ಎರಡು ಮಾತು: ಅದೇ ಸರ್ಕ್ಯೂಟ್ (ಏರಿ, ರನ್‌ವೇ ಸುತ್ತಿ ಬಂದು ಇಳಿಯೋದು) ಮತ್ತೆ ಮತ್ತೆ ಸುತ್ತಿಸಬೇಡಿ, ಒಂದು ದಿನ ಬೇರೆ ಪಾಠ ಮಾಡಿಸಿ. ಸಿಲಬಸ್‌ನಲ್ಲಿ ಅದು ಇಲ್ಲ. ಟೀ ಚೆನ್ನಾಗಿತ್ತು, ಕೆಳಗಿನ ಹೋಟೆಲ್ ಉಡುಪಿಯವರದ್ದು.

ನೋಟ್ಸ್ ಅಂತ ದಪ್ಪ ಝೆರಾಕ್ಸ್ ಕಟ್ಟು ಕೊಟ್ಟು ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಬೇಡಿ. ಅದರಲ್ಲಿರುವ ಹೆಚ್ಚಿನದು ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ, ಇನ್‌ಸ್ಟ್ರಕ್ಟರುಗಳಿಗಾಗಿ ಮಾಡಿದ ಕೈಪಿಡಿಯಲ್ಲಿದೆ, ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಚಿತ್ರಗಳೂ ಬಣ್ಣದಲ್ಲಿವೆ. ಶನಿವಾರದ ಪಾಠವನ್ನೆಲ್ಲ ಮನೆಯಲ್ಲೇ ಅದರಿಂದ ಓದಿಕೊಳ್ಳಬಹುದು. ಭಾನುವಾರ ಮಾತ್ರ ಬರುತ್ತೇನೆ, ಅರ್ಧ ಫೀಸು ತೆಗೆದುಕೊಳ್ಳಿ ಅಂದರೆ ಒಪ್ಪುವುದಿಲ್ಲ, ನಾನು ಕೇಳಿ ನೋಡಿದ್ದೇನೆ. ಪೂರ್ತಿ ಕಟ್ಟಿದರೂ ಭಾನುವಾರಕ್ಕೆ ಬೆಲೆ ಬರುತ್ತದೆ. ಸೇರುವ ಮೊದಲು ಆ ಬ್ಯಾಚಿಗೆ ಆ ಸರ್ ಬರುತ್ತಾರಾ ಅಂತ ಕೇಳಿಕೊಳ್ಳಿ, ಬರುವುದಿಲ್ಲ ಅಂದರೆ ಮುಂದಿನ ಬ್ಯಾಚಿಗೆ ಕಾಯಿರಿ.