ಮೀಕಾಯೇಲ ಯಾರು? ಮಕ್ಕಳಿಗೆ ಯಾವ ಉತ್ತರ ಹೇಳಬೇಕು?

ಮಕ್ಕಳ ಬೈಬಲ್ ತರಗತಿಯಲ್ಲಿ ಪ್ರಧಾನ ದೂತರ (ದೇವದೂತರಲ್ಲಿ ಮುಖ್ಯರಾದವರ) ಪಾಠವನ್ನು ಯಾವ ಸಭೆಯ ನೋಟದಿಂದ ಹೇಳಲಿ ಅಂತ ಕೇಳಿದ್ದೀರಿ. ಮೊದಲು ಹೆಸರುಗಳು. ಕ್ಯಾಥೊಲಿಕರಿಗೆ ಮೂವರು: ಮೀಕಾಯೇಲ, ಗಬ್ರಿಯೇಲ, ರಫಾಯೇಲ. ರಫಾಯೇಲ ಬರುವುದು ತೋಬಿತನ ಗ್ರಂಥದಲ್ಲಿ. ಅದು ಪ್ರೊಟೆಸ್ಟೆಂಟರ 66 ಪುಸ್ತಕಗಳಲ್ಲಿ ಇಲ್ಲ. ಅವರಲ್ಲಿ ಅನೇಕರಿಗೆ ಮೀಕಾಯೇಲನೊಬ್ಬನೇ ಪ್ರಧಾನ ದೂತ, ಯೂದನ ಪತ್ರದ 9ನೇ ವಚನ ಹೇಳುವಂತೆ. ಆರ್ಥೊಡಾಕ್ಸ್ ಸಭೆ ಊರಿಯೇಲನನ್ನೂ ನೆನೆಯುತ್ತದೆ.

ಜಾಸ್ತಿ ವಾದ ಇರುವುದು ಮೀಕಾಯೇಲ ಯಾರು ಎಂಬಲ್ಲಿ. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರಿಗೆ ಅವನು ಯೇಸುವೇ, ಆದರೆ ಸೃಷ್ಟಿಯಾದವನು. ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆಯವರೂ ಯೇಸುವೇ ಎನ್ನುತ್ತಾರೆ, ಆದರೆ ಅವರಿಗೆ ಯೇಸು ಪೂರ್ಣ ದೇವರು. ಎರಡನ್ನೂ ಸುಮ್ನೆ ಒಂದೇ ಅನ್ನಬೇಡಿ, ಅದು ಇಬ್ಬರಿಗೂ ಅನ್ಯಾಯ ಅಲ್ವಾ? 1 ಥೆಸಲೋನಿಕ 4:16ರಲ್ಲಿ ಕರ್ತನು, ಅಂದರೆ ಯೇಸು, ಪ್ರಧಾನ ದೂತನ ಧ್ವನಿಯೊಂದಿಗೆ ಇಳಿದು ಬರುತ್ತಾನೆ. ಆ ಧ್ವನಿ ಕರ್ತನದೇ, ಜೊತೆಗಿರುವ ದೂತನದೇ? ಸಾಕ್ಷಿಗಳು ಮೊದಲನೆಯದು ಎನ್ನುತ್ತಾರೆ. ನನಗೆ ಎರಡನೆಯದೇ ಸರಳ ಓದು ಅನ್ನಿಸುತ್ತದೆ.

ದೂತರ ನೆರವು ಬೇಡುವುದು ಕ್ಯಾಥೊಲಿಕ್, ಆರ್ಥೊಡಾಕ್ಸ್ ರೂಢಿ. ಪ್ರೊಟೆಸ್ಟೆಂಟರಲ್ಲಿ ಸಾಮಾನ್ಯವಾಗಿ ಇಲ್ಲ.

ಮಕ್ಕಳ ಮನೆಗಳಲ್ಲಿ ಸೆಪ್ಟೆಂಬರ್ 29ರ ಹಬ್ಬ (ಕ್ಯಾಥೊಲಿಕರು ಈ ಮೂವರು ದೂತರನ್ನು ನೆನೆಯುವ ದಿನ) ಇದ್ದರೆ ಮೂವರ ಕಥೆಯನ್ನೂ ಹೇಳಿ. ಪ್ರೊಟೆಸ್ಟೆಂಟ್ ಮಕ್ಕಳಾದರೆ ಯೂದನ ವಚನದಿಂದ ಶುರು ಮಾಡಿ. ಬೇರೆ ಬೇರೆ ಸಭೆಯವರು ಕೂತಿದ್ದರೆ ಮೀಕಾಯೇಲನ ಹೆಸರು ಬರುವ ದಾನಿಯೇಲ 10ನೇ ಅಧ್ಯಾಯ ಓದಿಸಿ. ಅದು ಎಲ್ಲರ ಬೈಬಲಿನಲ್ಲೂ ಇದೆ.