ತಿದ್ದಿದ ಅಂಕಿಯ ಲೆಕ್ಕ ಇಡುವವರು ಯಾರು: ಲಿಬ್ರೆಕ್ಲಿನಿಕಾ, ಓಡಿಕೆ, ರೆಡ್‌ಕ್ಯಾಪ್

ಕ್ಲಿನಿಕಲ್ ಟ್ರಯಲ್‌ನ ಕಾಗದದ ಫಾರ್ಮ್‌ನಲ್ಲಿ ತಪ್ಪಾಗಿ ಬರೆದ ಅಂಕಿಯ ಮೇಲೆ ವೈಟ್ನರ್ ಹಚ್ಚುವಂತಿಲ್ಲ. ಹಳೆಯ ಅಂಕಿ ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಚಿಕ್ಕ ಸಹಿಯನ್ನೂ ತಾರೀಕನ್ನೂ ಹಾಕಬೇಕು. ಕಾಗದದಿಂದ ಕಂಪ್ಯೂಟರಿಗೆ ಬಂದರೂ ನಿಯಮ ಅದೇ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1997ರಲ್ಲಿ ಹೊರಡಿಸಿದ '21 ಸಿಎಫ್‌ಆರ್ ಭಾಗ 11' ಎಂಬ ನಿಯಮಾವಳಿಯು ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆ ತಾನಾಗಿಯೇ ಉಳಿಯಬೇಕೆಂದೂ, ಹೊಸ ಬರವಣಿಗೆ ಹಳೆಯದನ್ನು ಮರೆಮಾಚಬಾರದೆಂದೂ ಹೇಳುತ್ತದೆ. ಇಂಥ ಅಧ್ಯಯನದ ದತ್ತಾಂಶವನ್ನು ತುಂಬಿ ಇಡುವ ಮೂರು ತಂತ್ರಾಂಶಗಳನ್ನು, ಅಂದರೆ ಲಿಬ್ರೆಕ್ಲಿನಿಕಾ, ಓಡಿಕೆ, ರೆಡ್‌ಕ್ಯಾಪ್ ಇವನ್ನು, ನಾನು ಮುಖ್ಯವಾಗಿ ಈ ಒಂದು ಅಳತೆಗೋಲಿನಿಂದ ನೋಡಿದ್ದೇನೆ. ಎರಡನೆಯ ಅಳತೆಗೋಲನ್ನು ಕಾಸರಗೋಡೇ ಕೊಟ್ಟಿತು: ಕನ್ನಡ, ಮಲಯಾಳ, ತುಳು ಮೂರನ್ನೂ ಒಂದೇ ಮನೆಯ ಜಗಲಿಯಲ್ಲಿ ಕೇಳುವ ಊರಿನಲ್ಲಿ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಇಡುವುದು?

ಪರೀಕ್ಷೆಗೆಂದು ರಕ್ತದೊತ್ತಡದ ಮಾತ್ರೆಯ ಒಂದು ಹುಸಿ ಅಧ್ಯಯನವನ್ನು ಕಟ್ಟಿಕೊಂಡೆ. 20 ಕಾಲ್ಪನಿಕ ರೋಗಿಗಳು, ತಲಾ ನಾಲ್ಕು ಭೇಟಿ, ಬೇಕೆಂದೇ ಸೇರಿಸಿದ ಹತ್ತಾರು ತಪ್ಪುಗಳು. ಮೊದಲೆರಡನ್ನು ಬದಿಯಡ್ಕದ ಮನೆಯಲ್ಲಿ 8 ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿದೆ. ಮೂರನೆಯದನ್ನು ಕೆಲಸದ ಸ್ಥಳದ ಖಾತೆಯಲ್ಲಿ ನೋಡಿದೆ.

ಮೂರನೆಯದಾದ ರೆಡ್‌ಕ್ಯಾಪ್ ಕುರಿತು ಮೊದಲೇ ಹೇಳಿ ಮುಗಿಸುತ್ತೇನೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಹುಟ್ಟಿದ ಇದನ್ನು ಹಲವರು ಮುಕ್ತ ತಂತ್ರಾಂಶವೆಂದೇ ತಿಳಿದಿದ್ದಾರೆ, ಆದರೆ ಅದು ನಿಜವಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಸಂಸ್ಥೆಗಳಿಗೆ ಹಣವಿಲ್ಲದೆ ಸಿಗುತ್ತದೆ. ಅದನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ. ಮೂರರಲ್ಲಿ ಕಲಿಯಲು ಅತಿ ಸುಲಭವಾದದ್ದು ಇದೇ. ಬದಲಾವಣೆಗಳ ದಾಖಲೆ ಅಚ್ಚುಕಟ್ಟಾಗಿದೆ, ಫಾರ್ಮ್ ಕಟ್ಟುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಸಂಸ್ಥೆಯ ಸದಸ್ಯತ್ವ ಇರುವವರು ಮುಂದೆ ಓದದಿದ್ದರೂ ನಷ್ಟವಿಲ್ಲ. ಇಲ್ಲದವರಿಗೆ ಅದು ಪಕ್ಕದ ಮನೆಯ ಹಲಸಿನ ಹಣ್ಣು.

ಲಿಬ್ರೆಕ್ಲಿನಿಕಾ ಎಂಬುದು ಓಪನ್‌ಕ್ಲಿನಿಕಾ ತಂತ್ರಾಂಶದ ಸಮುದಾಯ ಆವೃತ್ತಿಯನ್ನು ಬಳಕೆದಾರರೇ ಮುಂದುವರಿಸಿಕೊಂಡು ಬಂದ ರೂಪ. ಅದು ನಡೆಯಲು ಬೇಕಾದ ಜಾವಾ, ಟಾಮ್‌ಕ್ಯಾಟ್, ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶಗಳ ಆವೃತ್ತಿಗಳು ಪರಸ್ಪರ ಹೊಂದದೆ ನನ್ನ ಮೊದಲ ದಿನ ಪೂರ್ತಿ ಹಾಳಾಯಿತು. ಫಾರ್ಮನ್ನು ಎಕ್ಸೆಲ್ ಹಾಳೆಯಲ್ಲಿ ಬರೆದು ಏರಿಸಬೇಕು. 'ಮೇಲಿನ ಒತ್ತಡ ಕೆಳಗಿನದಕ್ಕಿಂತ ಕಡಿಮೆ ಇರಬಾರದು' ಎಂಬಷ್ಟು ಸರಳವಾದ ನಿಯಮವನ್ನೂ ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ಗುರುತುಭಾಷೆಯಲ್ಲಿ ಬರೆಯಬೇಕು. ಇಷ್ಟು ಸಹಿಸಿಕೊಂಡವರಿಗೆ ಮುಂದೆ ಕಾಣುವುದು ನಿಜವಾದ ಟ್ರಯಲ್ ಮಾಡಿದವರೇ ಕಟ್ಟಿದ ಮನೆ. ಯಾವ ರೋಗಿಯ ಯಾವ ಭೇಟಿ ಬಾಕಿ ಎಂಬುದು ಒಂದೇ ಕೋಷ್ಟಕದಲ್ಲಿ ಕಾಣುತ್ತದೆ. ಇಬ್ಬರು ಬೇರೆಬೇರೆಯಾಗಿ ತುಂಬಿ ತಾಳೆ ನೋಡುವ ವ್ಯವಸ್ಥೆಯಿದೆ. ಮಾನಿಟರ್, ಅಂದರೆ ದತ್ತಾಂಶವನ್ನು ಪರಿಶೀಲಿಸುವವರು, ಒಂದು ಅಂಕಿಯ ಮೇಲೆ ಪ್ರಶ್ನೆ ಎತ್ತಿದರೆ ಅದಕ್ಕೆ ಉತ್ತರ ಬಂದು ಮುಚ್ಚುವವರೆಗೆ ಬಾವುಟ ಹಾರುತ್ತಲೇ ಇರುತ್ತದೆ. ಪೂರ್ಣಗೊಂಡ ಫಾರ್ಮ್‌ನಲ್ಲಿ 140 ಎಂಬುದನ್ನು 104 ಎಂದು ನಾನು ತಿದ್ದಲು ಹೋದಾಗ ಕಾರಣ ಬರೆಯದೆ ಅದು ಮುಂದೆ ಬಿಡಲಿಲ್ಲ.

ಇನ್ನೊಂದು ಗುಣವನ್ನು ಹೇಳಲೇಬೇಕು. 'ತಲೆ ತಿರುಗಲು ಶುರುವಾದದ್ದು ಯಾವಾಗ' ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರು ಕ್ಯಾಲೆಂಡರಿನ ತಾರೀಕು ಹೇಳುವುದಿಲ್ಲ, 'ಪತ್ತನಾಜೆ ಕಳೆದ ಮೇಲೆ' ಎನ್ನುತ್ತಾರೆ. ಅಂದರೆ ಮೇ ಕೊನೆ ಅಥವಾ ಜೂನ್, ದಿನ ಗೊತ್ತಿಲ್ಲ. ಲಿಬ್ರೆಕ್ಲಿನಿಕಾದಲ್ಲಿ ಅಪೂರ್ಣ ತಾರೀಕಿಗೆಂದೇ ಒಂದು ಬಗೆಯಿದ್ದು, ವರ್ಷ ಮಾತ್ರ ಅಥವಾ ವರ್ಷ ಮತ್ತು ತಿಂಗಳು ಮಾತ್ರ ಬರೆದರೂ ಒಪ್ಪಿಕೊಳ್ಳುತ್ತದೆ. ಫೋನಿನಲ್ಲಿ ಫಾರ್ಮ್ ತುಂಬುವ ಓಡಿಕೆಯಲ್ಲಿ ತಿಂಗಳು ಮತ್ತು ವರ್ಷ ಮಾತ್ರ ಕೇಳುವ ಹಾಗೆ ಮಾಡಬಹುದಾದರೂ ಒಳಗೆ ಅದು ತಿಂಗಳ 1ನೇ ತಾರೀಕೆಂದು ಉಳಿಯುತ್ತದೆ. ರೋಗಿ ಹೇಳದ ದಿನವೊಂದು ದತ್ತಾಂಶದೊಳಗೆ ಸದ್ದಿಲ್ಲದೆ ಸೇರಿಬಿಡುತ್ತದೆ. ಹಾಗಾಗಿ ಓಡಿಕೆಯಲ್ಲಿ ತಿಂಗಳನ್ನೂ ವರ್ಷವನ್ನೂ ಎರಡು ಪ್ರತ್ಯೇಕ ಪ್ರಶ್ನೆಗಳಾಗಿ ಕೇಳಿದೆ.

ಭಾಷೆಯ ವಿಷಯಕ್ಕೆ ಬಂದರೆ ತಕ್ಕಡಿ ಪೂರ್ತಿ ಓಡಿಕೆಯ ಕಡೆಗೆ ವಾಲುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶದ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಭಾಷೆಗೂ ಒಂದೊಂದು ಕಂಬಸಾಲು ಸೇರಿಸಿದರೆ ಸಾಕು, ಫೋನಿನಲ್ಲಿ ಫಾರ್ಮ್ ತೆರೆದಿರುವಾಗಲೇ ಭಾಷೆ ಬದಲಿಸಬಹುದು. 'ತಲೆ ತಿರುಗುವುದು' ಎಂದು ಕನ್ನಡದಲ್ಲಿ, 'ತಲಕರಕ್ಕಂ' ಎಂದು ಮಲಯಾಳ ಲಿಪಿಯಲ್ಲಿ, 'ತರೆ ತಿರ್ಗುನಿ' ಎಂದು ಕನ್ನಡ ಲಿಪಿಯ ತುಳುವಿನಲ್ಲಿ ಬರೆದೆ. ಮೂರರಲ್ಲಿ ಯಾವುದನ್ನು ಆರಿಸಿದರೂ ಸಂಗ್ರಹವಾಗುವ ಸಂಕೇತ ಒಂದೇ. ಲಿಬ್ರೆಕ್ಲಿನಿಕಾದಲ್ಲಿ ಇದೇ ಕೆಲಸಕ್ಕೆ ಒಂದೇ ಫಾರ್ಮ್‌ನ ಮೂರು ಆವೃತ್ತಿಗಳನ್ನು ಮಾಡಿ, ಸಂಕೇತಗಳು ಎಲ್ಲಿಯೂ ತಪ್ಪದಂತೆ ಕಾಯಬೇಕಾಯಿತು. ನೆಟ್‌ವರ್ಕ್ ಇಲ್ಲದ ಬಾಯಾರು ಎಂಬ ಊರಿನ ಇಳಿಜಾರಿನಲ್ಲಿ ಲಿಬ್ರೆಕ್ಲಿನಿಕಾ ಬಾಯಿ ಮುಚ್ಚಿ ಕುಳಿತಿತು. ಓಡಿಕೆ ಫೋನಿನಲ್ಲೇ ಎಲ್ಲವನ್ನೂ ಇಟ್ಟುಕೊಂಡು ಪೇಟೆಗೆ ಬಂದ ಮೇಲೆ ಕಳುಹಿಸಿತು.

ಆದರೆ ಓಡಿಕೆ ಮೂಲತಃ ಸಮೀಕ್ಷೆಯ ಸಾಧನ. ಭೇಟಿಗಳ ವೇಳಾಪಟ್ಟಿಯನ್ನೂ ಎರಡು ಬಾರಿ ತುಂಬಿ ತಾಳೆ ನೋಡುವ ಕ್ರಮವನ್ನೂ ನಾವೇ ಹೊರಗಿನಿಂದ ಕಟ್ಟಿಕೊಳ್ಳಬೇಕು. ನಿಯಮಕ್ಕೆ ಒಪ್ಪುವ ವಿದ್ಯುನ್ಮಾನ ಸಹಿ ಅದರಲ್ಲಿಲ್ಲ. ತಿದ್ದುಪಡಿಗೆ ಕಾರಣ ಕೇಳುವ ಸೌಲಭ್ಯವಿದೆ, ಆದರೆ ಫಾರ್ಮ್ ಬರೆಯುವವರು ನೆನಪಿಟ್ಟು ಅದನ್ನು ಹಾಕಿಕೊಳ್ಳದಿದ್ದರೆ ಫೋನಿನಲ್ಲಿ ನಡೆದ ತಿದ್ದುಪಡಿಗೆ ಕಾರಣ ಎಲ್ಲಿಯೂ ದಾಖಲಾಗುವುದಿಲ್ಲ. ನಾನು ಮೊದಲ ಸುತ್ತಿನಲ್ಲಿ ಮರೆತೆ. ಐದು ರೋಗಿಗಳ ಅಂಕಿಗಳು ಏಕೆ ಬದಲಾದವೆಂಬುದು ಇಂದಿಗೂ ಗೊತ್ತಿಲ್ಲ. ಹುಸಿ ರೋಗಿಗಳಾದದ್ದು ಪುಣ್ಯ.

ಎರಡಕ್ಕೂ ಅನ್ವಯಿಸುವ ಒಂದು ಮಾತು: ತಂತ್ರಾಂಶ ಬಿಟ್ಟಿಯಾಗಿ ಸಿಕ್ಕಿತೆಂದರೆ ಖರ್ಚಿಲ್ಲವೆಂದಲ್ಲ. ಅದು ಹೇಳಿದಂತೆ ಕೆಲಸ ಮಾಡುತ್ತದೆಯೆಂದು ಪರೀಕ್ಷಿಸಿ ದಾಖಲೆ ಇಡುವ ಹೊಣೆ ಅದನ್ನು ಬಳಸುವವರದ್ದೇ. ನನ್ನ ಪುಟ್ಟ ಅಧ್ಯಯನಕ್ಕೇ ಆ ದಾಖಲೆ ಫಾರ್ಮ್‌ಗಿಂತ ದಪ್ಪವಾಯಿತು.

ನಾನು ಈಗ ಆರಿಸಿಕೊಂಡಿರುವುದು ಎರಡರ ಜೋಡಿಯನ್ನು. ಮನೆ ಭೇಟಿಗೆ ಓಡಿಕೆ, ಅಲ್ಲಿಂದ ಒಂದು ಸಣ್ಣ ಸ್ಕ್ರಿಪ್ಟ್ ಮೂಲಕ ಟ್ರಯಲ್ ದತ್ತಾಂಶವನ್ನು ಸಾಗಿಸಲೆಂದೇ ಇರುವ ಓಡಿಎಂ ಎಂಬ ಎಕ್ಸ್‌ಎಂಎಲ್ ಮಾದರಿಗೆ ತಿರುಗಿಸಿ ಲಿಬ್ರೆಕ್ಲಿನಿಕಾಕ್ಕೆ. ಇದರಲ್ಲೊಂದು ತೂತು ಉಳಿದಿದೆ: ಲಿಬ್ರೆಕ್ಲಿನಿಕಾಕ್ಕೆ ಆಮದಾದ ಅಂಕಿಯ ಇತಿಹಾಸ ಆಮದಿನ ಕ್ಷಣದಿಂದಲೇ ಶುರುವಾಗುತ್ತದೆ, ಅದಕ್ಕೂ ಮೊದಲು ಫೋನಿನಲ್ಲಿ ನಡೆದ ತಿದ್ದುಪಡಿ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಹಳೆಯ ಅಂಕಿ, ಹೊಸ ಅಂಕಿ, ಕಾರಣ ಮೂರೂ ಇರುವ ಓಡಿಕೆಯ ಆಡಿಟ್ ಕಡತವನ್ನು ಪ್ರತಿ ಶನಿವಾರ ಬೇರೆಯಾಗಿ ಇಳಿಸಿ, ಅದೇ ರೋಗಿಯ ಸಂಖ್ಯೆಯ ಫೋಲ್ಡರಿನಲ್ಲಿ ಇಡುತ್ತಿದ್ದೇನೆ.